ಬಾವಿ ತೋಡಿದಾಗ ಬಂದ ಶೇಡಿ ಮಣ್ಣು ಸಿಮೆಂಟಿನ ಬದಲಿಗೆ ಆಗುತ್ತದಾ? ಹಂತ ಹಂತವಾಗಿ ನೋಡೋಣ

ಮಂಗಳೂರು, ಉಡುಪಿ ಕಡೆ ಮನೆ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಬಾವಿ ತೋಡುವಾಗ, ಗುಡ್ಡ ತಟ್ಟು ಮಾಡುವಾಗ ಲೋಡುಗಟ್ಟಲೆ ಶೇಡಿ ಮಣ್ಣು ಬರುತ್ತದೆ. ಶೇಡಿ ಅಂದರೆ ಕೆಂಪು ಮುರಕಲ್ಲಿನ ಅಡಿಯಲ್ಲಿ ಸಿಗುವ ಮೆತ್ತನೆಯ ಬಿಳಿ-ಗುಲಾಬಿ ಜೇಡಿ ಮಣ್ಣು. ಅದನ್ನು ಎಲ್ಲಿ ಹಾಕುವುದು ಅಂತಲೇ ತಲೆನೋವು. ಇದೇ ಮಣ್ಣಿನಿಂದ ಸಿಮೆಂಟ್ ಉಳಿಸಬಹುದು ಅಂತ ಎಲ್ಲೋ ಕೇಳಿರುತ್ತೀರಿ. ಹೌದಾ?

ಹೌದು. ಆದರೆ ಮೂರು ಷರತ್ತು ಇದೆ. ಮಣ್ಣನ್ನು ಸರಿಯಾದ ಬಿಸಿಯಲ್ಲಿ ಸುಡಬೇಕು. ಸುಟ್ಟದ್ದನ್ನು ಸಿಮೆಂಟಿನಷ್ಟೇ ನುಣ್ಣಗೆ ಅರೆಯಬೇಕು. ಸಿಮೆಂಟಿನ ಒಂದು ಪಾಲಿಗೆ ಮಾತ್ರ ಬದಲಿಯಾಗಿ ಹಾಕಬೇಕು, ಪೂರ್ತಿ ಸಿಮೆಂಟಿಗೆ ಅಲ್ಲ. ಹಸಿ ಮಣ್ಣನ್ನು ಹಾಗೇ ಕಾಂಕ್ರೀಟಿಗೆ ಸುರಿದರೆ ಕೆಲಸ ಹಾಳಾಗುತ್ತದೆ. ಹಸಿ ಮಣ್ಣು ನೀರು ಕುಡಿಯುತ್ತದೆ, ಒಣಗಿದಾಗ ಕುಗ್ಗುತ್ತದೆ, ಸಿಮೆಂಟು ಜಲ್ಲಿಗೆ ಹಿಡಿಯುವುದನ್ನು ತಡೆಯುತ್ತದೆ. ಹೊಯ್ಗೆಯಲ್ಲಿ (ಮರಳಿನಲ್ಲಿ) ಮಣ್ಣಿದ್ದರೆ ಮೇಸ್ತ್ರಿಗಳು ಬೈಯುವುದು ಇದಕ್ಕೇ ಅಲ್ವಾ?

ಸುಟ್ಟ ಮಣ್ಣು ಮಾಡುವ ಕೆಲಸ ಏನು

ಸಿಮೆಂಟಿಗೆ ನೀರು ಬಿದ್ದಾಗ ಗಟ್ಟಿಯಾಗುವ ಅಂಟಿನ ಜೊತೆಗೆ ಒಂದಿಷ್ಟು ಸುಣ್ಣವೂ ಹುಟ್ಟುತ್ತದೆ. ಈ ಸುಣ್ಣದಿಂದ ಬಲಕ್ಕೆ ಹೆಚ್ಚೇನೂ ಪ್ರಯೋಜನ ಇಲ್ಲ. ಸುಟ್ಟು ಅರೆದ ಜೇಡಿ ಮಣ್ಣು ಈ ಸುಣ್ಣವನ್ನು ಹಿಡಿದುಕೊಂಡು ಇನ್ನಷ್ಟು ಅಂಟನ್ನು ಮಾಡುತ್ತದೆ. ಹೀಗೆ ತಾನಾಗಿ ಗಟ್ಟಿಯಾಗದೆ, ಸುಣ್ಣ ಮತ್ತು ನೀರು ಎರಡೂ ಸಿಕ್ಕಾಗ ಗಟ್ಟಿಯಾಗುವ ಪುಡಿಗೆ ಪೊಜೋಲಾನಾ ಎನ್ನುತ್ತಾರೆ. ನಮ್ಮ ಹಿರಿಯರು ಸುರ್ಕಿ ಎಂದದ್ದೂ, ಅಂದರೆ ಸುಟ್ಟ ಇಟ್ಟಿಗೆ, ಹೆಂಚಿನ ಪುಡಿಯೂ, ಇದೇ ಜಾತಿಯದ್ದು. ಕನ್ನಂಬಾಡಿ ಕಟ್ಟೆ ಎದ್ದದ್ದು ಸುರ್ಕಿ ಗಾರೆಯಲ್ಲಿ.

ಇದರ ಹೊಸ ರೂಪಕ್ಕೆ ಎಲ್‌ಸಿ3 ಎಂದು ಹೆಸರು. ಅದರಲ್ಲಿ ಸುಮಾರು 50 ಪಾಲು ಕ್ಲಿಂಕರ್, 30 ಪಾಲು ಸುಟ್ಟ ಜೇಡಿ ಮಣ್ಣು, 15 ಪಾಲು ಸುಣ್ಣಕಲ್ಲಿನ ಪುಡಿ, 5 ಪಾಲು ಜಿಪ್ಸಮ್ ಇರುತ್ತದೆ. ಕ್ಲಿಂಕರ್ ಅಂದರೆ ಸಿಮೆಂಟ್ ಕಾರ್ಖಾನೆಯ ಭಟ್ಟಿಯಿಂದ ಹೊರಬರುವ ಗಟ್ಟಿ ಉಂಡೆ. ಅದನ್ನು ಅರೆದರೆ ಸಿಮೆಂಟ್. ಕ್ಲಿಂಕರಿಗೆ 1,450 ಡಿಗ್ರಿ ಬಿಸಿ ಬೇಕು, ಜೇಡಿ ಮಣ್ಣಿಗೆ 700ರಿಂದ 800 ಡಿಗ್ರಿ ಸಾಕು. ಅದೂ ಅಲ್ಲದೆ ಸುಣ್ಣಕಲ್ಲು ಸುಡುವಾಗ ಕಲ್ಲಿನೊಳಗಿಂದಲೇ ಇಂಗಾಲದ ಅನಿಲ ಹೊರಬರುತ್ತದೆ, ಜೇಡಿ ಮಣ್ಣಿನಿಂದ ಬರುವುದು ಬರೀ ನೀರಿನ ಹಬೆ. ಪರಿಸರಕ್ಕೆ ಲಾಭ ಇರುವುದು ಇಲ್ಲಿ. ಈ ಬಗೆಯ ಸಿಮೆಂಟಿಗೆ ಭಾರತದಲ್ಲಿ 2023ರಲ್ಲಿ ಐಎಸ್ 18189 ಎಂಬ ಮಾನದಂಡವೂ ಬಂದಿದೆ.

ಎಲ್‌ಸಿ3ಯನ್ನು ಮನೆ ಅಂಗಳದಲ್ಲಿ ಮಾಡಲು ಹೋಗಬೇಡಿ. ಅದು ಕಾರ್ಖಾನೆಯ ಕೆಲಸ. ಇಲ್ಲಿ ಹೇಳುವುದು ಸಣ್ಣ ಪ್ರಮಾಣದಲ್ಲಿ, ಭಾರ ಹೊರದ ಕೆಲಸಕ್ಕೆ, ಸಿಮೆಂಟಿನ ಐದನೇ ಒಂದು ಪಾಲನ್ನು ಸುಟ್ಟ ಮಣ್ಣಿನಿಂದ ತುಂಬುವ ಕ್ರಮ.

ಮೊದಲೇ ತಿಳಿದಿರಲಿ: ಎಲ್ಲಿಗೆ ಸಲ್ಲ

ಪಿಲ್ಲರ್, ಬೀಮ್, ಸ್ಲ್ಯಾಬ್, ಸಜ್ಜಾ, ನೀರಿನ ಟಾಂಕಿ: ಕಬ್ಬಿಣ ಇರುವ ಯಾವ ಕಾಂಕ್ರೀಟಿಗೂ ನೀವೇ ಸುಟ್ಟ ಮಣ್ಣನ್ನು ಹಾಕಬೇಡಿ. ಕಡಲ ಗಾಳಿಗೆ ನೇರವಾಗಿ ಮೈಯೊಡ್ಡುವ ಕಬ್ಬಿಣದ ಕಾಂಕ್ರೀಟ್ ಕನಿಷ್ಠ ಎಂ30 ಇರಬೇಕು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456. ಎಂ30 ಅಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 30 ನ್ಯೂಟನ್ ಒತ್ತಡ ತಡೆಯುವಂಥದ್ದು. ಮಲ್ಪೆ, ಪಣಂಬೂರು, ಕಾಪು ಕಡೆ ಸಮುದ್ರದ ಪಕ್ಕ ಮನೆ ಇರುವವರು ಇದನ್ನು ಮರೆಯಲೇಬಾರದು. ಆ ಮಟ್ಟದ ಕೆಲಸಕ್ಕೆ ಸುಟ್ಟ ಮಣ್ಣು ಸೇರಿಸಬೇಕು ಅಂತಿದ್ದರೆ ಐಎಸ್ ಗುರುತಿನ ಚೀಲವನ್ನೇ ತನ್ನಿ, ಇಂಜಿನಿಯರ್ ಹತ್ತಿರ ಮಿಕ್ಸ್ ಡಿಸೈನ್ (ಯಾವುದು ಎಷ್ಟು ಪಾಲು ಎಂಬ ಲೆಕ್ಕ) ಮಾಡಿಸಿ.

ಆಗುವ ಕೆಲಸ ಯಾವುದು? ನೆಲದಡಿಯ ಬೆಡ್ ಕಾಂಕ್ರೀಟ್, ಅಂಗಳದ ನೆಲ, ತೋಟದ ದಾರಿ, ಬಟ್ಟೆ ಒಗೆಯುವ ಕಲ್ಲಿನ ಕಟ್ಟೆ, ದನದ ಕೊಟ್ಟಿಗೆಯ ನೆಲ, ಕಾಂಪೌಂಡಿನ ಸಾಲಿಡ್ ಬ್ಲಾಕ್.

ಇನ್ನೊಂದು ಮಾತು. ದುಡ್ಡು ಉಳಿಸುವುದಷ್ಟೇ ನಿಮ್ಮ ಉದ್ದೇಶವಾದರೆ ಒಂದು ಮನೆಯ ಕೆಲಸಕ್ಕೆ ಇದು ಗಿಟ್ಟುವುದು ಕಷ್ಟ. ಸೌದೆ, ಅರೆಯುವ ಕರೆಂಟು, ಪಿಕಪ್ ಬಾಡಿಗೆ, ಆಳಿನ ಕೂಲಿ ಸೇರಿದರೆ ಲಾಭ ಕರಗುತ್ತದೆ. ಹಾರುಬೂದಿ (ಕಲ್ಲಿದ್ದಲು ಉರಿದ ನುಣ್ಣನೆ ಬೂದಿ) ಬೆರೆತ ಪಿಪಿಸಿ ಸಿಮೆಂಟೇ ಅಗ್ಗ. ಬ್ಲಾಕ್ ಮಾಡುವವರಿಗೆ, ಇಂಟರ್‌ಲಾಕ್ ಹಾಕುವವರಿಗೆ, ನಾಲ್ಕಾರು ಮನೆಯವರು ಸೇರಿ ಮಾಡುವವರಿಗೆ ಲೆಕ್ಕ ಹೊಂದುತ್ತದೆ.

ಬೇಕಾದ ಸಾಮಾನು

ಒಣ ಶೇಡಿ ಮಣ್ಣು, ಒಪಿಸಿ (ಹಾರುಬೂದಿಯಂಥದ್ದು ಬೆರೆಸದ ಸಾದಾ) 43 ಅಥವಾ 53 ಗ್ರೇಡ್ ಸಿಮೆಂಟ್, ಬಿಸಿ ತೋರಿಸುವ ಮೀಟರ್ ಇರುವ ಭಟ್ಟಿ, ಬಾಲ್ ಮಿಲ್ (ಕಬ್ಬಿಣದ ಗುಂಡುಗಳು ಉರುಳಿ ಅರೆಯುವ ಡ್ರಮ್ಮು), 90 ಮೈಕ್ರಾನ್ ಜರಡಿ, ತೂಕದ ಕಾಟ, ಅರಳಿದ ಸುಣ್ಣ ಸ್ವಲ್ಪ, 150 ಮಿ.ಮೀ. ಕ್ಯೂಬ್ ಅಚ್ಚುಗಳು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್ ಖಂಡಿತ ಬೇಕು. ಈ ಮಣ್ಣಿನಲ್ಲಿ ಸಿಲಿಕಾ ಇದೆ. ಅದರ ನುಣ್ಣನೆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಕಾಯಿಲೆ ತರುತ್ತದೆ. ಬೈರಾಸು ಸುತ್ತಿಕೊಂಡರೆ ಸಾಲದು.

ಹಂತ 1: ಮಣ್ಣು ಗುರುತಿಸಿ

ನಮ್ಮಲ್ಲಿ ಮೇಲೆ ಮುರಕಲ್ಲು, ತೀರಾ ಅಡಿಯಲ್ಲಿ ಕರಿಬಂಡೆ. ಇವೆರಡರ ನಡುವೆ ಸಿಗುವುದೇ ಶೇಡಿ. ಬಾವಿಯಿಂದ ಮೇಲೆ ಬರುವ ಬುಟ್ಟಿಯನ್ನು ಗಮನಿಸಿ. ಮೊದಲು ಕೆಂಪು ಹರಳು, ಆಮೇಲೆ ಕೆಂಪು-ಹಳದಿ ಮಚ್ಚೆಯ ಮಣ್ಣು, ಅದರ ಕೆಳಗೆ ಬಿಳಿ, ತಿಳಿ ಗುಲಾಬಿ, ಅಲ್ಲಲ್ಲಿ ನೇರಳೆ ಗೆರೆಯ ಮೆತ್ತನೆ ಮಣ್ಣು. ಹಸಿಯಾಗಿದ್ದಾಗ ಉಗುರಿನಲ್ಲಿ ಗೀರಿದರೆ ಸಲೀಸಾಗಿ ಗೆರೆ ಬೀಳುತ್ತದೆ. ಒಣಗಿದ ಮೇಲೆ ಕೈಯಲ್ಲಿ ತಿಕ್ಕಿದರೆ ಪುಡಿ ಅಂಗೈಗೆ ಬಿಳಿಯಾಗಿ ಹತ್ತಿಕೊಳ್ಳುತ್ತದೆ.

ನಮಗೆ ಬೇಕಾದದ್ದು ಇದರಲ್ಲಿರುವ ಕೆಯೊಲಿನೈಟ್ ಎಂಬ ಖನಿಜ. ಬಿಳಿ ಜೇಡಿಯ ತಿರುಳೇ ಇದು. ಮಣ್ಣಿನಲ್ಲಿ ಕೆಯೊಲಿನೈಟ್ ಶೇ. 40ರಷ್ಟಾದರೂ ಇದ್ದರೆ ಕೆಲಸಕ್ಕೆ ಬರುತ್ತದೆ. ಬಣ್ಣ ಕೆಂಪಾಗಿದ್ದರೆ ಚಿಂತೆ ಬೇಡ, ಅದು ಕಬ್ಬಿಣದ ಅಂಶ. ಕಾಂಕ್ರೀಟ್ ಸ್ವಲ್ಪ ಕೆಂಪಾಗಿ ಕಾಣಬಹುದು, ಅಷ್ಟೇ.

ಇಲ್ಲಿ ಜನ ತಪ್ಪುವುದು ಹೀಗೆ. ಮುರಕಲ್ಲು ಕತ್ತರಿಸುವಾಗ ಬೀಳುವ ಕೆಂಪು ಹುಡಿಯನ್ನೇ ಶೇಡಿ ಅಂದುಕೊಳ್ಳುತ್ತಾರೆ. ಅದರಲ್ಲಿ ಕಬ್ಬಿಣದ ಅಂಶವೇ ಜಾಸ್ತಿ, ಕೆಯೊಲಿನೈಟ್ ಕಡಿಮೆ. ಗದ್ದೆಯ ಕಪ್ಪು ಜೇಡಿಯೂ ಬೇಡ, ಅದರಲ್ಲಿ ಕೊಳೆತ ಬೇರು, ಎಲೆಯ ಅಂಶ ಇರುತ್ತದೆ. ನೇತ್ರಾವತಿ, ಗುರುಪುರ, ಸೀತಾ, ಸ್ವರ್ಣಾ ನದಿಗಳ ಅಳಿವೆ ಹತ್ತಿರದ, ಉಪ್ಪು ನೀರು ಏರುವ ಜಾಗದ ಮಣ್ಣಂತೂ ಮುಟ್ಟಲೇಬೇಡಿ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಸುಟ್ಟರೂ ಉಪ್ಪು ಪೂರ್ತಿ ಹೋಗುವುದಿಲ್ಲ.

ಮಣ್ಣಿಗಾಗಿಯೇ ಗುಡ್ಡ ಅಗೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಶೇಡಿ ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ಮಳೆ ನೀರು ಒಳಹೊಕ್ಕರೆ ಬಲ ಕಳೆದುಕೊಂಡು ಜಾರುತ್ತದೆ. ಈ ಊರಿನಲ್ಲಿ ಮಳೆಗಾಲದಲ್ಲಿ ಗುಡ್ಡ ಕುಸಿಯುವ ಎಷ್ಟೋ ಕಡೆ ಅಡಿಯಲ್ಲಿ ಇರುವುದು ಇದೇ ಮಣ್ಣು. ಜೊತೆಗೆ, ಮಣ್ಣು ತೆಗೆದು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳಿವೆ, ಮೊದಲು ವಿಚಾರಿಸಿ. ಹೇಗೂ ಬಾವಿಗೆ, ಮನೆಯ ಪಂಚಾಂಗಕ್ಕೆ (ಪಾಯಕ್ಕೆ) ತೆಗೆದ ಮಣ್ಣು ಇದ್ದರೆ ಅದನ್ನೇ ಬಳಸಿ.

ಹಂತ 2: ಮನೆಯಲ್ಲೇ ಮೊದಲ ಪರೀಕ್ಷೆ

ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುವುದು ಹೊಯ್ಗೆ. ಅದು ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಮಣ್ಣನ್ನು ತೊಳೆದು ಹೊಯ್ಗೆ ತೆಗೆಯಬೇಕು: ಡ್ರಮ್ಮಿನಲ್ಲಿ ಕದಡಿ, ಎರಡು ನಿಮಿಷ ಬಿಟ್ಟು, ಮೇಲಿನ ಕೆಸರು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ಒಣಗಿಸಿ.

ನಮ್ಮ ಶೇಡಿ ಕೈಗೆ ಅಷ್ಟು ಅಂಟುವುದಿಲ್ಲ. ಮಡಕೆ ಮಣ್ಣಿನ ಹಾಗೆ ಜಿಗುಟು ಇಲ್ಲ ಅಂತ ಬಿಸಾಡಬೇಡಿ. ಇದರ ಕಣಗಳು ಸ್ವಲ್ಪ ದಪ್ಪ, ಆದರೂ ಒಳಗೆ ಕೆಯೊಲಿನೈಟ್ ಚೆನ್ನಾಗಿಯೇ ಇರಬಹುದು.

ಹಂತ 3: ಲ್ಯಾಬ್‌ಗೆ ಕೊಡಿ

ಇದನ್ನು ಬಿಡಬೇಡಿ. ಸುರತ್ಕಲ್ಲಿನ ಎನ್‌ಐಟಿಕೆ, ಮಣಿಪಾಲದ ಎಂಐಟಿಯಂಥ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸಿದರೆ ಯಾವ ಪರೀಕ್ಷೆ ಎಲ್ಲಿ ಆಗುತ್ತದೆ ಅಂತ ಗೊತ್ತಾಗುತ್ತದೆ. ಖಾಸಗಿ ಲ್ಯಾಬ್‌ಗಳೂ ಇವೆ. ಟಿಜಿಎ ಬೇಕು ಎನ್ನಿ. ಅಂದರೆ ಮಣ್ಣನ್ನು ನಿಧಾನವಾಗಿ ಕಾಯಿಸುತ್ತಾ ಯಾವ ಬಿಸಿಯಲ್ಲಿ ಎಷ್ಟು ತೂಕ ಇಳಿಯಿತು ಎಂದು ನೋಡುವ ಪರೀಕ್ಷೆ.

ವರದಿ ಓದುವುದು ಸುಲಭ. ಶುದ್ಧ ಕೆಯೊಲಿನೈಟ್ 400ರಿಂದ 600 ಡಿಗ್ರಿ ನಡುವೆ ತನ್ನ ತೂಕದ ಸುಮಾರು ಶೇ. 14ನ್ನು ಕಳೆದುಕೊಳ್ಳುತ್ತದೆ. ನಿಮ್ಮ 100 ಗ್ರಾಂ ಒಣ ಮಣ್ಣು ಆ ಬಿಸಿಯಲ್ಲಿ 7 ಗ್ರಾಂ ಇಳಿದರೆ ಕೆಯೊಲಿನೈಟ್ ಸುಮಾರು ಅರ್ಧ. 5.6 ಗ್ರಾಂ ಇಳಿದರೆ ಶೇ. 40. ಅದಕ್ಕಿಂತ ಕಡಿಮೆ ಬಂದರೆ ಸುಡುವ ಖರ್ಚು ದಂಡ, ಮಣ್ಣನ್ನು ತಗ್ಗು ತುಂಬಲು ಬಳಸಿ. ಒಟ್ಟು ತೂಕ ಎಷ್ಟು ಇಳಿಯಿತು ಎನ್ನುವುದನ್ನೇ ಹಿಡಿದು ಲೆಕ್ಕ ಹಾಕಬೇಡಿ. ನಮ್ಮ ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ಖನಿಜಗಳು 300 ಡಿಗ್ರಿ ಹೊತ್ತಿಗೇ ನೀರು ಬಿಡುತ್ತವೆ. ಅದನ್ನೂ ಸೇರಿಸಿಕೊಂಡರೆ ಮಣ್ಣು ಇದ್ದದ್ದಕ್ಕಿಂತ ಒಳ್ಳೆಯದು ಅನ್ನಿಸುತ್ತದೆ. ಅದೇ ಮಣ್ಣಿನ ಕ್ಲೋರೈಡ್, ಅಂದರೆ ಉಪ್ಪಿನ ಅಂಶವನ್ನೂ ನೋಡಿಸಿ.

ಹಂತ 4: ಒಣಗಿಸಿ, ಸುಡಿ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ.

ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮುಗಿಸಿ. ಮಳೆಗಾಲದಲ್ಲಿ ಇಲ್ಲಿ ಮಣ್ಣು ಒಣಗುವ ಮಾತೇ ಇಲ್ಲ. ಹಸಿ ಮಣ್ಣು ಸುಡಲು ಹೋದರೆ ಅರ್ಧ ಸೌದೆ ನೀರು ಆರಿಸುವುದಕ್ಕೇ ಹೋಗುತ್ತದೆ. ಅಡಕೆ ಒಣಗಿಸುವ ಅಂಗಳದಲ್ಲಿ ತೆಳ್ಳಗೆ ಹರವಿ, ಗಟ್ಟಿಯನ್ನೆಲ್ಲ ಒಡೆದು ಅಡಕೆ ಗಾತ್ರಕ್ಕೆ ತನ್ನಿ. ದೊಡ್ಡ ಗಟ್ಟಿ ಹಾಕಿದರೆ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ.

ಭಟ್ಟಿಯ ಬಿಸಿ 700ರಿಂದ 800 ಡಿಗ್ರಿ ನಡುವೆ ಇರಲಿ. ಆ ಬಿಸಿ ತಲುಪಿದ ಮೇಲೆ ಒಂದು ಗಂಟೆಯಾದರೂ ಹಾಗೇ ಹಿಡಿದಿಡಿ. ಬಿಸಿ ಕಡಿಮೆಯಾದರೆ ಕೆಯೊಲಿನೈಟ್ ಒಡೆಯುವುದಿಲ್ಲ, ಸುಮ್ನೆ ಒಣಮಣ್ಣು ಸಿಗುತ್ತದೆ. 900 ಡಿಗ್ರಿ ದಾಟಿದರೆ ಒಡೆದ ಖನಿಜ ಮತ್ತೆ ಬೇರೆ ರೂಪದಲ್ಲಿ ಗಟ್ಟಿಗೊಳ್ಳುತ್ತಾ ಹೋಗುತ್ತದೆ. ಆಗ ಸುಣ್ಣದ ಜೊತೆ ಸೇರುವ ಗುಣ ಕಳೆದುಹೋಗುತ್ತದೆ.

ಮೀಟರ್ ಇಲ್ಲದೆ ಕಣ್ಣಂದಾಜಿನಲ್ಲಿ ಸುಡಬೇಡಿ. ಮೀಟರ್ ಜೊತೆಗೆ ಬಣ್ಣವನ್ನೂ ಗಮನಿಸಬಹುದು. ಕತ್ತಲೆಯಲ್ಲಿ ನೋಡಿದಾಗ ಮಣ್ಣು ಮಂಕು ಕೆಂಪಿನಿಂದ ತುಸು ಹೊಳೆಯುವ ಕೆಂಪಿಗೆ ಬಂದಿದ್ದರೆ ಸರಿ. ಕಿತ್ತಳೆ ಬಣ್ಣಕ್ಕೆ ತಿರುಗಿತು ಅಂದರೆ ಮಿತಿ ಮೀರಿತು. ತೆಂಗಿನ ಸಿಪ್ಪೆ, ಗೆರಟೆ ರಾಶಿ ಹಾಕಿ ಬಯಲಲ್ಲಿ ಸುಡುವುದು ಬೇಡವೇ ಬೇಡ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ. ಕುಂಬಾರರ ಆವಿಗೆ ಅಥವಾ ಈಗಲೂ ನಡೆಯುತ್ತಿರುವ ಹೆಂಚಿನ ಕಾರ್ಖಾನೆಯ ಭಟ್ಟಿಯಲ್ಲಿ ಬಿಸಿ ಕಡಿಮೆ ಇರುವ ಮೂಲೆ ಸಿಗುತ್ತದಾ ಅಂತ ಕೇಳಿ ನೋಡಿ.

ಹೆಂಚು ಅಂದಾಗ ಬರುವ ಪ್ರಶ್ನೆ: ಒಡೆದ ಮಂಗಳೂರು ಹೆಂಚನ್ನೇ ಪುಡಿ ಮಾಡಿದರೆ ಆಗದಾ? 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹೆಂಚು ಮಾಡಲು ಶುರು ಮಾಡಿದಂದಿನಿಂದ ನಮ್ಮೂರಲ್ಲಿ ಒಡೆದ ಹೆಂಚಿಗೆ ಬರ ಇಲ್ಲ. ಸುಣ್ಣದ ಗಾರೆಗೆ ಅದು ಒಳ್ಳೆಯ ಸುರ್ಕಿ. ಆದರೆ ಸಿಮೆಂಟಿನ ಬದಲಿಗೆ ಅದರ ಚುರುಕು ಸಾಲದು. ಬಡಿದರೆ ಟಣ್ ಎನ್ನುವ ಗಟ್ಟಿ ಹೆಂಚು ಮಾಡಿಗೆ ಒಳ್ಳೆಯದು. ನಮ್ಮ ಕೆಲಸಕ್ಕೆ ಅದು ಜಾಸ್ತಿ ಬೆಂದದ್ದು.

ತಣಿದ ಮೇಲೆ ನಾಲ್ಕೈದು ತುಂಡು ಒಡೆದು ನೋಡಿ. ನಡುವಿನ ಬಣ್ಣ ಬೇರೆ ಇದ್ದರೆ ಒಳಗೆ ಬೆಂದಿಲ್ಲ. ಒಂದು ತುಂಡನ್ನು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಗ್ಗೆ ಕೆಸರಾಗಿದ್ದರೆ ಆ ಸುತ್ತು ಪೂರ್ತಿ ಮತ್ತೆ ಸುಡಬೇಕು.

ಹಂತ 5: ಅರೆಯಿರಿ

90 ಮೈಕ್ರಾನ್ ಜರಡಿಯಲ್ಲಿ ಬಹುಪಾಲು ಇಳಿಯುವಷ್ಟು ನುಣ್ಣಗೆ ಬೇಕು. ಎರಡು ಬೆರಳ ನಡುವೆ ತಿಕ್ಕಿದಾಗ ತರಿ ಸಿಗಬಾರದು. ಹಿಟ್ಟಿನ ಗಿರಣಿಗೆ ಒಯ್ಯಬೇಡಿ, ಅಲ್ಲಿ ಜನ ತಿನ್ನುವ ಅಕ್ಕಿ, ಗೋಧಿ ಬೀಸುತ್ತಾರೆ. ಅರೆದದ್ದನ್ನು ಪ್ಲಾಸ್ಟಿಕ್ ಒಳಪದರ ಇರುವ ಚೀಲದಲ್ಲಿ ಕಟ್ಟಿ, ಹಲಗೆಯ ಮೇಲೆ ಇಡಿ.

ಹಂತ 6: ಸುಣ್ಣದ ಪರೀಕ್ಷೆ

ಸಿಮೆಂಟಿಗೆ ಹಾಕುವ ಮೊದಲು ಪುಡಿಗೆ ಜೀವ ಇದೆಯಾ ನೋಡಿ. ಒಂದು ಪಾಲು ಅರಳಿದ ಸುಣ್ಣದ ಹುಡಿಗೆ ಎರಡು ಪಾಲು ಸುಟ್ಟ ಮಣ್ಣಿನ ಪುಡಿ, ತಟ್ಟುವ ಹದಕ್ಕೆ ಬೇಕಾದಷ್ಟೇ ನೀರು. ಅಂಗೈ ಅಗಲದ ಬಿಲ್ಲೆ ತಟ್ಟಿ. ಪಕ್ಕದಲ್ಲಿ ಅದೇ ಅಳತೆಯಲ್ಲಿ ಸುಡದ ಮಣ್ಣಿನದ್ದೂ ಒಂದು ಬಿಲ್ಲೆ ಮಾಡಿ. ಎರಡನ್ನೂ ಹತ್ತು ದಿನ ಒದ್ದೆ ಗೋಣಿಯಡಿ ಇಡಿ, ಒಣಗಲು ಬಿಡಬೇಡಿ. ಆಮೇಲೆ ನೀರು ತುಂಬಿದ ಪಾತ್ರೆಗೆ ಇಳಿಸಿ.

ಸುಡದ ಮಣ್ಣಿನ ಬಿಲ್ಲೆಯ ಅಂಚು ಬೇಗ ಮೆತ್ತಗಾಗಿ ಉದುರಲು ಶುರುವಾಗುತ್ತದೆ, ನೀರು ಕದಡುತ್ತದೆ. ಸರಿಯಾಗಿ ಬೆಂದ ಮಣ್ಣಿನದ್ದಾದರೆ ಮರುದಿನವೂ ಅಂಚು ಚೂಪಾಗಿಯೇ ಇರುತ್ತದೆ, ನೀರು ತಿಳಿಯಾಗಿರುತ್ತದೆ, ಉಗುರು ಒತ್ತಿದರೆ ಇಳಿಯುವುದಿಲ್ಲ. ಎರಡೂ ಒಂದೇ ಥರ ಕಂಡರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ. ಬ್ಲಾಕ್ ಮಾಡಿ ಮಾರುವವರಿಗೆ ಈ ಬಿಲ್ಲೆ ಸಾಲದು. ಐಎಸ್ 1727ರ ಪ್ರಕಾರ ಲೈಮ್ ರಿಯಾಕ್ಟಿವಿಟಿ ಪರೀಕ್ಷೆ ಮಾಡಿಸಿ. ಪುಡಿ ಸುಣ್ಣದ ಜೊತೆ ಸೇರಿ ಎಷ್ಟು ಬಲ ಕೊಡುತ್ತದೆ ಎಂದು ಅದು ಅಂಕಿಯಲ್ಲಿ ಹೇಳುತ್ತದೆ.

ಸುಣ್ಣ ಕೈ ಸುಡುತ್ತದೆ. ಗ್ಲೌಸ್ ಹಾಕಿಯೇ ಕಲಸಿ, ಮಕ್ಕಳನ್ನು ದೂರ ಇಡಿ.

ಹಂತ 7: ಬೆರೆಸಿ

ಮೊದಲು ಸಿಮೆಂಟ್ ಚೀಲ ಓದಿ. ಒಪಿಸಿ ಎಂದು ಬರೆದಿರಬೇಕು. ಪಿಪಿಸಿ ಎಂದಿದ್ದರೆ ಅದರಲ್ಲಿ ಈಗಾಗಲೇ ಹಾರುಬೂದಿ ಸೇರಿದೆ. ಪಿಎಸ್‌ಸಿ ಎಂದಿದ್ದರೆ ಉಕ್ಕಿನ ಕಾರ್ಖಾನೆಯ ಕಿಟ್ಟ ಸೇರಿದೆ. ಅದರ ಮೇಲೆ ನೀವು ಮಣ್ಣನ್ನೂ ಹಾಕಿದರೆ ಹಿಡಿದುಕೊಳ್ಳಲು ಸುಣ್ಣವೇ ಸಾಲುವುದಿಲ್ಲ, ಕಾಂಕ್ರೀಟ್ ಬಡವಾಗುತ್ತದೆ. ಅಂಗಡಿಯಲ್ಲಿ ಕೇಳದೆ ತಂದರೆ ಹೆಚ್ಚಾಗಿ ಸಿಗುವುದು ಪಿಪಿಸಿಯೇ. ಹಾಗಾಗಿ ಈ ತಪ್ಪು ಬಹಳ ಕಡೆ ಆಗುತ್ತದೆ.

ಎಂ15 ಕಾಂಕ್ರೀಟಿಗೆ ಒಂದು ಸುತ್ತಿನ ಅಳತೆ ಹೀಗಿದೆ:

ಒಪಿಸಿ ಸಿಮೆಂಟ್ 40 ಕೆ.ಜಿ.
ಸುಟ್ಟ ಮಣ್ಣಿನ ಪುಡಿ 10 ಕೆ.ಜಿ.
ಹೊಯ್ಗೆ ಅಥವಾ ಎಂ-ಸ್ಯಾಂಡ್ 110 ಕೆ.ಜಿ.
20 ಮಿ.ಮೀ. ಜಲ್ಲಿ 220 ಕೆ.ಜಿ.
ನೀರು ಹೆಚ್ಚೆಂದರೆ 32 ಲೀಟರ್

ತೂಕ ಮಾಡಿಯೇ ಹಾಕಿ, ಬಾಣಲೆ ಲೆಕ್ಕ ಬೇಡ. ಸುಟ್ಟ ಮಣ್ಣಿನ ಪುಡಿ ಸಿಮೆಂಟಿಗಿಂತ ಹಗುರ. ಬಾಣಲೆಗೆ ಬಾಣಲೆ ಅಂತ ಅಳೆದರೆ ಪಾಲು ತಪ್ಪುತ್ತದೆ. ಸಿಮೆಂಟ್ ಮತ್ತು ಪುಡಿಯನ್ನು ಒಣಗಿದ್ದಾಗಲೇ ಒಂದೇ ಬಣ್ಣ ಬರುವ ತನಕ ಕಲಸಿ, ಆಮೇಲೆ ಹೊಯ್ಗೆ, ಕೊನೆಗೆ ಜಲ್ಲಿ.

ನೀರಿನ ವಿಷಯದಲ್ಲಿ ಮೇಸ್ತ್ರಿ ಹತ್ತಿರ ಮೊದಲೇ ಮಾತಾಡಿ. ಸುಟ್ಟ ಮಣ್ಣು ನೀರು ಎಳೆದುಕೊಳ್ಳುತ್ತದೆ, ಕಾಂಕ್ರೀಟ್ ಬಿಗಿಯಾಗಿ ಕಾಣುತ್ತದೆ. ಆಗ ಆಳುಗಳು ಪೈಪ್ ಬಿಡುತ್ತಾರೆ. ನೀರು ಹೆಚ್ಚಾದರೆ ಬಲ ಇಳಿಯುವುದು ಗ್ಯಾರಂಟಿ. ನೀರಿನ ಬದಲು ಸೂಪರ್‌ಪ್ಲಾಸ್ಟಿಸೈಸರ್ ಹಾಕಿ. ಕಾಂಕ್ರೀಟನ್ನು ನೀರು ಹೆಚ್ಚಿಸದೆ ಸಡಿಲ ಮಾಡುವ ದ್ರಾವಣ ಅದು. ಕ್ಯಾನಿನ ಮೇಲೆ ಬರೆದ ಅಳತೆ ಮೀರಬೇಡಿ. ಹೊಯ್ಗೆ ಒದ್ದೆ ಇದ್ದರೆ ಅದರ ನೀರನ್ನೂ ಕಳೆಯಿರಿ. 110 ಕೆ.ಜಿ. ಹೊಯ್ಗೆಯಲ್ಲಿ ಶೇ. 5 ತೇವ ಇದ್ದರೂ ಐದೂವರೆ ಲೀಟರ್ ನೀರು ಅದರಲ್ಲೇ ಬಂತು.

ಹಂತ 8: ಹಾಕಿ, ನೀರು ಹಿಡಿಯಿರಿ

ಸುಟ್ಟ ಮಣ್ಣು ಬೆರೆತ ಕಾಂಕ್ರೀಟ್ ಮೊದಲ ದಿನಗಳಲ್ಲಿ ಸ್ವಲ್ಪ ನಿಧಾನ. ಅಚ್ಚು ಬಿಚ್ಚಲು, ಮೇಲೆ ಓಡಾಡಲು ಅವಸರ ಮಾಡಬೇಡಿ. ಬರೀ ಒಪಿಸಿಗೆ ಐಎಸ್ 456 ಹೇಳುವುದು ಕನಿಷ್ಠ 7 ದಿನ ಕ್ಯೂರಿಂಗ್. ಇಂಥ ಪುಡಿ ಬೆರೆತಿದ್ದರೆ ಕನಿಷ್ಠ 10 ದಿನ. ಮಾರ್ಚ್, ಏಪ್ರಿಲ್ ಬಿಸಿಲಿಗೆ 14 ದಿನ ಹಿಡಿಯಿರಿ. ದಿನಕ್ಕೆ ಎರಡು ಸಲ ಪೈಪ್ ಹಿಡಿದರೆ ಸಾಲದು. ಒದ್ದೆ ಗೋಣಿ ಹೊದಿಸಿ, ಮೇಲೆ ತೆಂಗಿನ ಮಡಲು ಮುಚ್ಚಿ, ಗೋಣಿ ಒಣಗದ ಹಾಗೆ ನೋಡಿಕೊಳ್ಳಿ. ಮಣ್ಣಿಗೂ ಸುಣ್ಣಕ್ಕೂ ನಡುವಿನ ಕೆಲಸ ವಾರಗಟ್ಟಲೆ ನಡೆಯುತ್ತದೆ, ತೇವ ಆರಿದರೆ ಅದು ಅಲ್ಲಿಗೇ ನಿಲ್ಲುತ್ತದೆ. ಬಾವಿ ನೀರು ಉಪ್ಪಾಗಿದ್ದರೆ ಕಲಸಲೂ ಬೇಡ, ಕ್ಯೂರಿಂಗಿಗೂ ಬೇಡ.

ಚೆನ್ನಾಗಿ ಕ್ಯೂರ್ ಆದರೆ ಒಳಗಿನ ರಂಧ್ರಗಳು ಸಣ್ಣದಾಗುತ್ತವೆ, ಉಪ್ಪು ನೀರು ಸುಲಭಕ್ಕೆ ಇಳಿಯುವುದಿಲ್ಲ. ಕರಾವಳಿಗೆ ಈ ಮಣ್ಣು ಹೊಂದುವುದು ಈ ಕಾರಣಕ್ಕೆ.

ಹಂತ 9: ಕ್ಯೂಬ್ ಒಡೆಸಿ ನೋಡಿ

ದೊಡ್ಡ ಕೆಲಸ ಹಿಡಿಯುವ ಮೊದಲು ಪ್ರಯೋಗಕ್ಕೆ ಅಂತ ಎರಡು ಸುತ್ತು ಕಲಸಿ: ಒಂದು 50 ಕೆ.ಜಿ. ಬರೀ ಒಪಿಸಿಯದು, ಇನ್ನೊಂದು ಮೇಲಿನ 40-10ರದ್ದು. ಪ್ರತಿಯೊಂದರಿಂದ ಆರು ಕ್ಯೂಬ್ ಎರೆಯಿರಿ. 7ನೇ ದಿನ ಮೂರು, 28ನೇ ದಿನ ಮೂರು ಲ್ಯಾಬಿನಲ್ಲಿ ಒಡೆಸಿ. ಕ್ಯೂಬಿನ ಮೇಲೆ ತಾರೀಕು ಮತ್ತು ಸುತ್ತಿನ ಗುರುತು ಬರೆಯಲು ಮರೆಯಬೇಡಿ, ಲ್ಯಾಬಿಗೆ ಹೋದ ಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ.

7ನೇ ದಿನ ಮಣ್ಣಿನ ಕ್ಯೂಬ್ ಸ್ವಲ್ಪ ಹಿಂದೆ ಇದ್ದರೆ ಗಾಬರಿ ಬೇಡ. 28ನೇ ದಿನ ಅದು ಬರೀ ಒಪಿಸಿಯ ಹತ್ತಿರ ಬಂದಿರಬೇಕು, ಎಂ15ರ ಅಂಕಿಯನ್ನು ನೆಮ್ಮದಿಯಿಂದ ದಾಟಿರಬೇಕು. ತುಂಬಾ ಹಿಂದೆ ಉಳಿದಿದ್ದರೆ ಮೊದಲು ನೀರಿನ ಲೆಕ್ಕ ನೋಡಿ, ಆಮೇಲೆ ಪುಡಿಯ ನುಣುಪು, ಆಮೇಲೆ ಭಟ್ಟಿಯ ಬಿಸಿ. ಮಣ್ಣಿನ ಪಾಲನ್ನು 5 ಕೆ.ಜಿ.ಗೆ ಇಳಿಸಿ ಇನ್ನೊಂದು ಸುತ್ತು ಮಾಡಿ. ಫಲಿತಾಂಶ ಚೆನ್ನಾಗಿ ಬಂತು ಅಂತ ಪಾಲನ್ನು ಒಮ್ಮೆಲೇ 15, 20 ಕೆ.ಜಿ.ಗೆ ಏರಿಸಬೇಡಿ. ಮತ್ತೆ ಬೇರೆ ಬಾವಿಯ ಮಣ್ಣು ಬಂದರೆ, ಅದು ಪಕ್ಕದ ಮನೆಯದ್ದೇ ಆಗಿದ್ದರೂ, ಎರಡನೇ ಹಂತದಿಂದ ಪುನಃ ಶುರು ಮಾಡಿ. ಶೇಡಿಯ ಗುಣ ಹತ್ತು ಅಡಿ ಆಳಕ್ಕೇ ಬದಲಾಗುತ್ತದೆ.